ಎರಡನೆಯ ಸ್ಥಾನದ ಹಾಡು

ನಮ್ಮ ಕಾಲೇಜಿನ ಸಾಹಿತ್ಯ ಸಂಘದಲ್ಲಿ ಒಂದು ಪದ್ಧತಿಯುಂಟು. ವರ್ಷಕ್ಕೊಮ್ಮೆ ಸದಸ್ಯರೆಲ್ಲರೂ ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದ ವಿಷಯದ ಮೇಲೆ ಒಂದು ತಿಂಗಳ ತರುವಾಯ ಇಪ್ಪತ್ತು ನಿಮಿಷ ಮಾತನಾಡಬೇಕು. ವಿಷಯ ಹಿಡಿಸಲಿಲ್ಲವೆಂದು ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುವಂತಿಲ್ಲ. ಈ ವರ್ಷ ನನ್ನ ಪಕ್ಕದಲ್ಲಿ ಕುಳಿತಿದ್ದ ಮಿತ್ರನಿಗೆ ‘ಭರತೇಶ ವೈಭವದಲ್ಲಿ ಭೋಗ ಮತ್ತು ಯೋಗ’ ಎಂಬ ಚೀಟಿ ಬಂದಿತು. ಅವನು ಕುಳಿತಲ್ಲಿಯೇ ಬೆವರಿದನು. ನನ್ನ ಚೀಟಿಯಲ್ಲಿ, ‘1960ರ ದಶಕದ ಇಂಗ್ಲಿಷ್ ಜನಪ್ರಿಯ ಗೀತೆಗಳಲ್ಲಿ ನಿಮಗೆ ಎಲ್ಲಕ್ಕಿಂತ ಮೆಚ್ಚಾದುದು ಯಾವುದು? ಕಾರಣ ಕೊಡಿ’ ಎಂದಿತ್ತು. ನಾನು ನಕ್ಕೆನು. ಹಾಡು ಕೇಳುವುದೂ ಒಂದು ಅಭ್ಯಾಸವಿಷಯವೆ, ಒಂದು ಸಂಜೆಯ ಕೆಲಸ ಎಂದುಕೊಂಡೆನು. ತಿಂಗಳು ಮುಗಿಯುವ ವೇಳೆಗೆ ಬೆವರುವ ಸರದಿ ನನ್ನದಾಗಿತ್ತು. ಆ ದಿನ ಹೇಳಿದುದನ್ನೂ, ಹೇಳಲು ಬಾರದೆ ತಡವರಿಸಿದುದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ‘ಸಿಂಗಲ್’ ಎಂದರೇನೆಂಬುದನ್ನು ತಿಳಿಸಬೇಕು. ನಮ್ಮ ತಲೆಮಾರಿನವರು ಅದನ್ನು ಕಣ್ಣಿಂದ ಕಂಡವರಲ್ಲ. ತಾತಂದಿರ ಕಾಲದ ಗ್ರಾಮೋಫೋನ್ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಅರಗು ಬೆರೆಸಿ ಮಾಡಿದ್ದು, ಕೈಜಾರಿದರೆ ಚೂರು. 1949ರಲ್ಲಿ ಅಮೆರಿಕದ ಆರ್.ಸಿ.ಎ. ವಿಕ್ಟರ್ ಕಂಪನಿಯವರು ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ, ಬಿದ್ದರೂ ಸುಲಭವಾಗಿ ಒಡೆಯದ ಚಿಕ್ಕ ಪ್ಲೇಟನ್ನು ಹೊರತಂದರು. ಒಂದು ಮಗ್ಗುಲಿಗೆ ಒಂದು ಹಾಡು. ಯಾವ ಹಾಡು ಓಡುತ್ತದೆಂದು ಕಂಪನಿಯವರು ನಂಬಿದ್ದರೋ ಅದು ‘ಎ’ ಮಗ್ಗುಲಿಗೆ, ಉಳಿದದ್ದು ‘ಬಿ’ ಮಗ್ಗುಲಿಗೆ. ನಾಣ್ಯ ಹಾಕಿ ಗುಂಡಿಯೊತ್ತಿದರೆ ಬೇಕಾದ ಹಾಡನ್ನು ನುಡಿಸುವ ಜ್ಯೂಕ್‌ಬಾಕ್ಸ್ ಎಂಬ ಯಂತ್ರಕ್ಕೆ ಹೇಳಿಮಾಡಿಸಿದ ಪ್ಲೇಟು ಇದು. ಹಾಡು ಸುಮಾರು ಮೂರು ನಿಮಿಷದೊಳಗೆ ಮುಗಿಯಬೇಕೆಂಬುದು ಬರೆಯದ ಕಾನೂನು. ರೇಡಿಯೋದವರಿಗೆ ಅದಕ್ಕಿಂತ ಉದ್ದ ಬೇಡ. 1965ರಲ್ಲಿ ಬಾಬ್ ಡಿಲನ್ ಆರು ನಿಮಿಷಕ್ಕೂ ಮೀರಿದ ‘ಲೈಕ್ ಎ ರೋಲಿಂಗ್ ಸ್ಟೋನ್’ ಹಾಡಿದಾಗ ರೇಡಿಯೋಗಳಿಗೆ ಕಳಿಸಿದ ಪ್ರತಿಗಳಲ್ಲಿ ಅದನ್ನು ಎರಡು ತುಂಡು ಮಾಡಿ ಎರಡು ಮಗ್ಗುಲಿಗೆ ಹಾಕಿದ್ದರಂತೆ. 1968ರಲ್ಲಿ ಬೀಟಲ್ಸ್‌ರವರ ‘ಹೇ ಜೂಡ್’ ಏಳು ನಿಮಿಷವನ್ನೂ ದಾಟಿ, ಅಮೆರಿಕದಲ್ಲಿ ಒಂಬತ್ತು ವಾರ ಮೊದಲನೆಯ ಸ್ಥಾನದಲ್ಲಿ ನಿಂತಾಗ ಆ ಕಾನೂನು ಸಡಿಲವಾಯಿತು. ನಾನು ಮಾತ್ರ ಮೂರು ನಿಮಿಷದ ಕಟ್ಟುನಿಟ್ಟಿನಲ್ಲಿ ಆದ ಕೆಲಸವನ್ನೇ ಹೆಚ್ಚು ಮೆಚ್ಚುವವನು. ಷಟ್ಪದಿಯ ಆರು ಸಾಲಿನಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸುವ ಕವಿಯ ಮೇಲೆ ನಮಗೆ ಇರುವ ಗೌರವ ಇದೇ ಜಾತಿಯದು.

ಇನ್ನು ‘ಸ್ಥಾನ’ವೆಂಬ ಮಾತು. ಬ್ರಿಟನ್ನಿನಲ್ಲಿ 1952ರ ನವೆಂಬರಿನಿಂದಲೂ, ಅಮೆರಿಕದಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆಯ ನೂರು ಹಾಡುಗಳ ಪಟ್ಟಿಯ ರೂಪದಲ್ಲಿ 1958ರ ಆಗಸ್ಟಿನಿಂದಲೂ, ವಾರವಾರ ಹಾಡುಗಳಿಗೆ ಅಂಕಿ ಹಚ್ಚಿ ಪ್ರಕಟಿಸುವ ರೂಢಿ ಬಂದಿತು. ಇದು ನಮಗೇನೂ ಅಪರಿಚಿತವಲ್ಲ. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರು ಆರಂಭಿಸಿದ ‘ಬಿನಾಕಾ ಗೀತ್‌ಮಾಲಾ’ ಇದೇ ಕೆಲಸವನ್ನು ಹಿಂದಿ ಚಿತ್ರಗೀತೆಗಳಿಗೆ ಮಾಡಿತು. ಬುಧವಾರ ರಾತ್ರಿ ರೇಡಿಯೋ ಮುಂದೆ ಕುಳಿತು, ಈ ವಾರ ಯಾವ ಹಾಡು ಮೇಲೇರಿತು, ಯಾವುದು ಜಾರಿತು ಎಂದು ಪಂದ್ಯ ಕಟ್ಟಿದವರು ನಮ್ಮ ಊರುಗಳಲ್ಲಿಯೂ ಇದ್ದರು. ಅಂಕಿ ಹಚ್ಚಿದ ಕೂಡಲೆ ಹಾಡು ಕುದುರೆಯಾಗಿಬಿಡುತ್ತದೆ.

ನಾನೂ ಮೊದಲು ಕುದುರೆಗಳನ್ನೇ ನೋಡಿದೆನು. ಮೊದಲನೆಯ ಸ್ಥಾನಕ್ಕೆ ಬಂದ ಹಾಡುಗಳನ್ನೆಲ್ಲ ಬರೆದುಕೊಂಡು, ಅವುಗಳೊಳಗೆ ಒಂದನ್ನು ಆರಿಸಿದರೆ ಕೆಲಸ ಮುಗಿಯಿತೆಂದು ಭಾವಿಸಿದೆನು. ಈ ಉಪಾಯ ಮೂರೇ ದಿನದಲ್ಲಿ ಕೆಟ್ಟಿತು. 1967ರ ಮೊದಲ ಭಾಗದಲ್ಲಿ ಬೀಟಲ್ಸ್‌ರವರು ‘ಪೆನ್ನಿ ಲೇನ್’, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎಂಬ ಎರಡು ಹಾಡುಗಳನ್ನು ಒಂದೇ ಪ್ಲೇಟಿನ ಎರಡು ಮಗ್ಗುಲಲ್ಲಿ ತಂದರು. ಒಂದೇ ಪ್ಲೇಟಿನಲ್ಲಿ ಅಂಥ ಎರಡು ಹಾಡು ಬೇರೊಬ್ಬರು ಕೊಟ್ಟಿದ್ದಾರೆಯೆ ಎಂದು ಇಂದಿಗೂ ಚರ್ಚೆ ನಡೆಯುತ್ತದೆ. ಬ್ರಿಟನ್ನಿನ ಪಟ್ಟಿಯಲ್ಲಿ ಅದಕ್ಕೆ ದೊರೆತದ್ದು ಎರಡನೆಯ ಸ್ಥಾನ! ಮೊದಲನೆಯ ಸ್ಥಾನವನ್ನು ಬಿಡದೆ ಕುಳಿತಿದ್ದುದು ಎಂಗೆಲ್ಬರ್ಟ್ ಹಂಪರ್ಡಿಂಕ್ ಎಂಬಾತ ಹಾಡಿದ ‘ರಿಲೀಸ್ ಮಿ’. (ಈ ಮಹಾಶಯನು ಹುಟ್ಟಿದ್ದು ನಮ್ಮ ಮದ್ರಾಸಿನಲ್ಲಿ, 1936ರಲ್ಲಿ, ಆದಕಾರಣ ಅವನ ಮೇಲೆ ನಾನು ಪೂರಾ ಕೋಪ ಮಾಡಿಕೊಳ್ಳಲಾರೆ.) ಅದೇ ವರ್ಷ ಕಿಂಕ್ಸ್ ತಂಡದ ‘ವಾಟರ್ಲೂ ಸನ್‌ಸೆಟ್’ ಬಂದಿತು, ಅದಕ್ಕೂ ಎರಡನೆಯ ಸ್ಥಾನ. ಡಿಲನ್ನನ ಆರು ನಿಮಿಷದ ಹಾಡಿಗೆ ಅಮೆರಿಕದಲ್ಲಿ ದಕ್ಕಿದ್ದೂ ಎರಡನೆಯದೆ. ಆಗ ನನಗೆ ಅನುಮಾನ ಹುಟ್ಟಿತು. ಮೊದಲ ಸ್ಥಾನದ ಪಟ್ಟಿಯನ್ನು ಮಡಿಚಿಟ್ಟು, ಎಲ್ಲವನ್ನೂ ಕಿವಿಯಿಂದಲೇ ಆರಿಸುವುದೆಂದು ನಿಶ್ಚಯಿಸಿದೆನು.

ಕೇಳಿದ ಬಗೆಯನ್ನೂ ಹೇಳಬೇಕು, ಏಕೆಂದರೆ ಅದರಿಂದ ಆಯ್ಕೆಯ ಮೇಲೆ ಪರಿಣಾಮವಾಯಿತು. ವಿದ್ಯಾರ್ಥಿನಿಲಯದಲ್ಲಿ ನಾನೂ ನನ್ನ ಕೋಣೆಯ ಸಂಗಡಿಗನೂ ಒಂದೇ ಮೊಬೈಲಿಗೆ ಒಂದೇ ಇಯರ್‌ಫೋನ್ ಸಿಕ್ಕಿಸಿ, ಒಂದು ತುದಿ ನನ್ನ ಕಿವಿಗೆ, ಇನ್ನೊಂದು ಅವನ ಕಿವಿಗೆ ಇಟ್ಟು ಕೇಳುತ್ತಿದ್ದೆವು. ಬೀಟಲ್ಸ್‌ರವರ ಮೊದಲಿನ ಹಾಡುಗಳ ಸ್ಟೀರಿಯೋ ಪ್ರತಿಗಳಲ್ಲಿ ಒಂದು ವಿಚಿತ್ರವುಂಟು: ಕಂಠವೆಲ್ಲ ಒಂದು ಕಡೆ, ವಾದ್ಯವೆಲ್ಲ ಒಂದು ಕಡೆ. ಸಂಗಡಿಗನು ‘ಎಷ್ಟು ಚೆನ್ನಾಗಿ ಹಾಡುತ್ತಾರೋ!’ ಎನ್ನುವನು, ನನಗೆ ಬರಿಯ ಗಿಟಾರು, ಡ್ರಮ್ಮು. ಆದರೆ ಸಿಂಗಲ್ ಪ್ಲೇಟುಗಳನ್ನು ಆ ಕಾಲದಲ್ಲಿ ಬಹುಮಟ್ಟಿಗೆ ಮೋನೋದಲ್ಲಿ, ಎಂದರೆ ಎಲ್ಲ ಧ್ವನಿಯೂ ಒಂದರಲ್ಲಿ ಬೆರೆತಿರುವಂತೆ, ತಯಾರಿಸುತ್ತಿದ್ದರು. ಅಂಥ ಪ್ರತಿಯನ್ನು ಹಾಕಿದರೆ ಇಬ್ಬರ ಕಿವಿಗೂ ಪೂರ್ತಿ ಹಾಡು. ಬಡ ವಿದ್ಯಾರ್ಥಿಗಳಿಗೆ ಮೋನೋ ಒಂದು ಉಪಕಾರ.

ಕಡೆಗೆ ನನ್ನ ಕೈಯಲ್ಲಿ ಉಳಿದವು ಎರಡು ಹಾಡುಗಳು. ಬೀಚ್ ಬಾಯ್ಸ್‌ರವರ ‘ಗುಡ್ ವೈಬ್ರೇಷನ್ಸ್’ (1966) ಏಕೆ ಬಿಟ್ಟೆಯೆಂದು ಕೇಳಬೇಡಿ. ಅದನ್ನು ಕೇಳಿದಾಗಲೆಲ್ಲ ಬೆರಗಾಗುತ್ತೇನೆ, ಆದರೆ ಮತ್ತೊಮ್ಮೆ ಕೇಳಬೇಕೆಂದು ನಡುರಾತ್ರಿ ಏಳಲಿಲ್ಲ.

ಮೊದಲನೆಯದು ‘ಟೆಲ್‌ಸ್ಟಾರ್’. ಇದರಲ್ಲಿ ಸಾಹಿತ್ಯವೇ ಇಲ್ಲ, ಕೇವಲ ವಾದ್ಯ. ಇಂಗ್ಲಿಷಿನ ಉಚ್ಚಾರ ಹಿಡಿಯಲು ಹೆಣಗುವ ನನ್ನಂಥವನಿಗೆ ಅದೇ ಒಂದು ಸಮಾಧಾನ. 1962ರ ಜುಲೈ 10ರಂದು ಟೆಲ್‌ಸ್ಟಾರ್ ಎಂಬ ಕೃತಕ ಉಪಗ್ರಹವು ಆಕಾಶಕ್ಕೇರಿ, ಅಟ್ಲಾಂಟಿಕ್ ಸಾಗರದ ಆಚೆಯ ದೂರದರ್ಶನದ ಚಿತ್ರವನ್ನು ಈಚೆಯವರಿಗೆ ತೋರಿಸಿತು. ಅದರಿಂದ ಪುಳಕಿತನಾದ ಜೋ ಮೀಕ್ ಎಂಬ ಧ್ವನಿಮುದ್ರಣಗಾರನು ಲಂಡನ್ನಿನ ಹಾಲೊವೇ ರಸ್ತೆಯಲ್ಲಿ, ಚರ್ಮದ ಸಾಮಾನಿನ ಅಂಗಡಿಯ ಮೇಲಿನ ಬಾಡಿಗೆ ಕೋಣೆಗಳಲ್ಲಿ, ಈ ಸ್ವರಪ್ರಬಂಧವನ್ನು ರಚಿಸಿ ಮುದ್ರಿಸಿದನು. ನುಡಿಸಿದ ತಂಡದ ಹೆಸರು ಟಾರ್ನೆಡೋಸ್. ಬೀಟಲ್ಸ್‌ರವರು ಅಮೆರಿಕವನ್ನು ಗೆಲ್ಲುವುದಕ್ಕೆ ಒಂದು ವರ್ಷಕ್ಕೂ ಮೊದಲೇ, 1962ರ ಡಿಸೆಂಬರಿನಲ್ಲಿ, ಅಮೆರಿಕದ ಪಟ್ಟಿಯ ತುದಿಗೇರಿದ ಮೊದಲ ಬ್ರಿಟಿಷ್ ತಂಡ ಇದೇ.

ಮೊದಲ ಸಲ ಕೇಳಿದಾಗ ನನ್ನ ಸಂಗಡಿಗನು ಇಯರ್‌ಫೋನ್ ಕಿತ್ತು, ‘ಇದು ಪುಂಗಿಯಲ್ಲವೇನೋ?’ ಎಂದನು. ಹುಚ್ಚುಮಾತೆಂದು ನಕ್ಕೆನು. ಆಮೇಲೆ ಓದಿ ನೋಡಿದರೆ ಅವನ ಕಿವಿ ಸುಳ್ಳು ಹೇಳಿರಲಿಲ್ಲ. ಟೆಲ್‌ಸ್ಟಾರಿನ ಮುಖ್ಯ ಸ್ವರವು ಕ್ಲಾವಿಯೊಲೀನ್ ಜಾತಿಯ ವಿದ್ಯುತ್ ವಾದ್ಯದಿಂದ ಬಂದುದು. 1954ರಲ್ಲಿ ತೆರೆಕಂಡ ‘ನಾಗಿನ್’ ಎಂಬ ಹಿಂದಿ ಚಿತ್ರದಲ್ಲಿ ಹೇಮಂತ್ ಕುಮಾರರ ಸಂಗೀತ ನಿರ್ದೇಶನದಲ್ಲಿ ಕಲ್ಯಾಣ್‌ಜಿಯವರು ಪುಂಗಿಯ ನಾದವನ್ನು ಹೊರಡಿಸಿದ್ದೂ ಕ್ಲಾವಿಯೊಲೀನಿನಿಂದಲೇ. ಹಾವಾಡಿಗರ ನಾದವೆಂದು ಭಾರತವೆಲ್ಲ ತಲೆದೂಗಿದುದೂ, ಉಪಗ್ರಹದ ನಾದವೆಂದು ಲಂಡನ್ನು ತಲೆದೂಗಿದುದೂ ಒಂದೇ ಬಗೆಯ ಪೆಟ್ಟಿಗೆಯ ಧ್ವನಿ! ಇದನ್ನು ತಿಳಿದ ದಿನ ಟೆಲ್‌ಸ್ಟಾರೇ ನನ್ನ ಆಯ್ಕೆಯೆಂದು ತೀರ್ಮಾನಿಸಿ ನೆಮ್ಮದಿಯಾಗಿ ಮಲಗಿದೆನು.

ನೆಮ್ಮದಿ ಮರುದಿನದವರೆಗೆ ಮಾತ್ರ. ಮೀಕನ ಮುಂದಿನ ಕತೆಯನ್ನು ಓದಿದೆನು. ಫ್ರಾನ್ಸಿನ ಸಂಗೀತಗಾರನೊಬ್ಬನು ಇದು ತನ್ನ ಸ್ವರದ ಕಳವೆಂದು ದಾವೆ ಹೂಡಿದ್ದರಿಂದ ಹಾಡಿನ ಸಂಭಾವನೆ ವರ್ಷಗಟ್ಟಲೆ ತಡೆಯಾಯಿತು. ಸಾಲ, ಸಂಶಯ, ಮನೋವ್ಯಾಧಿ ಮೀಕನನ್ನು ಮುತ್ತಿದವು. 1967ರ ಫೆಬ್ರವರಿ 3ರಂದು ಆತನು ಮನೆಯೊಡತಿಯನ್ನು ಗುಂಡಿಕ್ಕಿ ಕೊಂದು, ತಾನೂ ಗುಂಡು ಹಾರಿಸಿಕೊಂಡು ಸತ್ತನು. ದಾವೆಯು ಆತನ ಪರವಾಗಿ ತೀರ್ಮಾನವಾದದ್ದು ಆತನು ಸತ್ತಮೇಲೆ. ಇದನ್ನು ಓದಿದ ಮೇಲೆ ಆ ಪುಂಗಿ ಮೊದಲಿನಂತೆ ಕೇಳಿಸಲಿಲ್ಲ. ರಚಿಸಿದವನು, ಮುದ್ರಿಸಿದವನು, ಧ್ವನಿಗಳನ್ನು ಹೊಸೆದವನು ಎಲ್ಲವೂ ಒಬ್ಬನೇ. ಹಾಡಿನಲ್ಲಿ ಕಿವಿಯಿಟ್ಟ ಕಡೆಯೆಲ್ಲ ಅವನೇ ಇದ್ದಾನೆ. ಚೀಟಿಯಿಂದ ಟೆಲ್‌ಸ್ಟಾರನ್ನು ಹೊಡೆದುಹಾಕಿದೆನು.

ಉಳಿದದ್ದು ‘ಬಿ ಮೈ ಬೇಬಿ’. ಹಾಡಿದವರು ರೊನೆಟ್ಸ್, ಬಿಡುಗಡೆಯಾದುದು 1963ರ ಆಗಸ್ಟಿನಲ್ಲಿ. ಇದನ್ನೇ ನಾನು ಸಭೆಯಲ್ಲಿ ಎತ್ತಿಹಿಡಿದದ್ದು.

ರೊನೆಟ್ಸ್ ಎಂದರೆ ನ್ಯೂಯಾರ್ಕಿನ ಮೂವರು ಹುಡುಗಿಯರು: ವೆರೊನಿಕಾ ಬೆನೆಟ್, ಆಕೆಯ ಅಕ್ಕ ಎಸ್ಟೆಲ್, ಅವರ ಸೋದರಸಂಬಂಧಿ ನೆಡ್ರಾ ಟ್ಯಾಲಿ. ಎಲ್ಲರೂ ರಾನಿ ಎಂದು ಕರೆಯುತ್ತಿದ್ದ ವೆರೊನಿಕಾಳಿಗೆ ಹಾಡು ಮುದ್ರಿತವಾದ ಜುಲೈ ತಿಂಗಳಲ್ಲಿ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಎಂದರೆ ನಮ್ಮ ಎರಡನೆಯ ಬಿ.ಎ. ತರಗತಿಯ ವಯಸ್ಸು. ರಚಿಸಿದವರು ಜೆಫ್ ಬ್ಯಾರಿ, ಎಲ್ಲಿ ಗ್ರೀನಿಚ್ ದಂಪತಿಗಳು ಮತ್ತು ನಿರ್ಮಾಪಕ ಫಿಲ್ ಸ್ಪೆಕ್ಟರ್. ಮುದ್ರಣ ನಡೆದದ್ದು ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ. ಅದೇನೂ ದೊಡ್ಡ ಸಭಾಂಗಣವಲ್ಲ. ಸ್ಪೆಕ್ಟರನು ಆ ಕೋಣೆಯಲ್ಲಿ ಒಂದಕ್ಕಿಂತ ಹೆಚ್ಚು ಪಿಯಾನೋ, ಹಲವು ಗಿಟಾರು, ತಾಳವಾದ್ಯ, ತಂತಿವಾದ್ಯಗಳನ್ನು ಕಿಕ್ಕಿರಿಸಿ, ಒಂದೇ ಸ್ವರವನ್ನು ಅನೇಕರಿಂದ ಒಟ್ಟಿಗೆ ನುಡಿಸಿ, ಆ ಧ್ವನಿಯನ್ನು ಸಿಮೆಂಟಿನ ಪ್ರತಿಧ್ವನಿ ಕೋಣೆಗೆ ಬಿಟ್ಟು, ಅಲ್ಲಿ ತಿರುಗಿ ಬಂದುದನ್ನು ಮತ್ತೆ ಬೆರೆಸುತ್ತಿದ್ದನು. ಯಾವ ವಾದ್ಯ ಎಲ್ಲಿದೆಯೆಂದು ಬಿಡಿಸಿ ಹೇಳಲು ಬರುವುದಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಗಂಟೆ, ಜಾಗಟೆ, ನಗಾರಿ, ಶಂಖ ಒಟ್ಟಿಗೆ ಮೊಳಗಿದಾಗ ಕಲ್ಲಿನ ಗೋಡೆಯೇ ನುಡಿಯುವಂತಾಗುತ್ತದಲ್ಲ, ಹಾಗೆ. ಇದಕ್ಕೆ ‘ವಾಲ್ ಆಫ್ ಸೌಂಡ್’ ಎಂಬ ಹೆಸರು ಬಿದ್ದಿತು, ನಾದದ ಗೋಡೆ.

ಆದರೆ ನನ್ನನ್ನು ಸೆರೆಹಿಡಿದದ್ದು ಗೋಡೆಯಲ್ಲ, ಗೋಡೆ ಏಳುವುದಕ್ಕೆ ಮೊದಲಿನ ಕೆಲವು ಕ್ಷಣಗಳು. ಹಾಡು ಬರಿಯ ಡ್ರಮ್ಮಿನಿಂದ ಆರಂಭವಾಗುತ್ತದೆ. ನಾಲ್ಕು ಎಣಿಕೆಯ ತಾಳ. ದೊಡ್ಡ ಡ್ರಮ್ಮಿನಲ್ಲಿ ಮೂರು ಗುದ್ದು, ನಾಲ್ಕನೆಯ ಎಣಿಕೆಗೆ ಚಿಕ್ಕ ಡ್ರಮ್ಮಿನಲ್ಲಿ ಚಾಟಿಯಂಥ ಒಂದು ಪೆಟ್ಟು. ಸಾಧಾರಣವಾಗಿ ಇಂಥ ಹಾಡುಗಳಲ್ಲಿ ಎರಡನೆಯ ಎಣಿಕೆಗೂ ನಾಲ್ಕನೆಯ ಎಣಿಕೆಗೂ ಆ ಪೆಟ್ಟು ಬೀಳಬೇಕು. ಇಲ್ಲಿ ಎರಡನೆಯದು ಬೀಳುವುದೇ ಇಲ್ಲ. ಕಿವಿ ಅದಕ್ಕಾಗಿ ಕಾಯುತ್ತದೆ, ಬರಲಿಲ್ಲವಲ್ಲಾ ಎಂದುಕೊಳ್ಳುವಷ್ಟರಲ್ಲಿ ನಾಲ್ಕನೆಯದು ಬಂದು ಅಪ್ಪಳಿಸುತ್ತದೆ. ಬಾರಿಸಿದವನು ಹಾಲ್ ಬ್ಲೇನ್. ಎರಡನೆಯ ಪೆಟ್ಟನ್ನೂ ಹಾಕಬೇಕಾಗಿತ್ತು, ಆದರೆ ಕೈಯ ಕೋಲು ಜಾರಿತು, ತಪ್ಪನ್ನು ಮುಚ್ಚಲು ಮುಂದೆಯೂ ಹಾಗೆಯೇ ಬಾರಿಸುತ್ತ ಹೋದೆ ಎಂಬರ್ಥದಲ್ಲಿ ಆತನು ಮುಂದೊಮ್ಮೆ ಹೇಳಿದ್ದಾನೆ. ಎಂಥ ಜಾರಿಕೆ! ಆ ತಪ್ಪನ್ನು ಆಮೇಲೆ ಎಷ್ಟೋ ಜನರು ಬೇಕೆಂದೇ ಮಾಡಿದರು.

ಆಮೇಲೆ ರಾನಿಯ ಕಂಠ. ಸ್ಟುಡಿಯೋದ ಹೆಂಗಸರ ಶೌಚಗೃಹದಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು ಆಕೆ ಅಲ್ಲಿ ಹೋಗಿ ಅಭ್ಯಾಸ ಮಾಡುತ್ತಿದ್ದಳಂತೆ. ನಮ್ಮಲ್ಲಿ ಸ್ನಾನದ ಮನೆಯ ಗವಾಯಿಗಳಿಗೆ ಇದು ಸಂತೋಷದ ಸುದ್ದಿ. ಕಂಠ ಬಹಳ ಶುದ್ಧವಾದುದೇನೂ ಅಲ್ಲ. ಮೂಗಿನಲ್ಲಿ ತುಸು ಹುಳಿ, ಸ್ವರದ ಕೊನೆಯಲ್ಲಿ ಒಂದು ಕಂಪನ. ಹಾಡಿನ ತಾತ್ಪರ್ಯ ಇಷ್ಟೆ: ಒಬ್ಬ ಹುಡುಗಿ ತಾನು ಮೆಚ್ಚಿದವನಿಗೆ ತಾನೇ ಬಾಯಿಬಿಟ್ಟು ತನ್ನವನಾಗೆಂದು ಕೇಳುತ್ತಾಳೆ. ಕಾಯುವುದಿಲ್ಲ, ಸಖಿಯ ಕೈಯಲ್ಲಿ ಹೇಳಿ ಕಳಿಸುವುದಿಲ್ಲ. ಅಷ್ಟು ವಾದ್ಯಗಳ ಗೋಡೆ ಎದುರಿಗಿದ್ದರೂ ಆ ಕಂಠ ಅದರಡಿಯಲ್ಲಿ ಹೂತುಹೋಗದೆ ಮುಂದೆ ಬಂದು ನಿಲ್ಲುತ್ತದೆ. ನಡುವೆ ವಾದ್ಯಗಳೆಲ್ಲ ತಟ್ಟನೆ ನಿಂತು ಮತ್ತೆ ಬರಿಯ ಡ್ರಮ್ಮು. ಅನಂತರ ಪದವಿಲ್ಲದ ಸಣ್ಣ ಆಲಾಪ. ಎಲ್ಲ ಸೇರಿ ಎರಡೂಮುಕ್ಕಾಲು ನಿಮಿಷ. ಬೀಚ್ ಬಾಯ್ಸ್‌ರವರ ಬ್ರಯನ್ ವಿಲ್ಸನ್ ಕಾರಿನ ರೇಡಿಯೋದಲ್ಲಿ ಇದನ್ನು ಮೊದಲು ಕೇಳಿದಾಗ ಕಾರನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿಬಿಟ್ಟನಂತೆ. ಇದಕ್ಕೆ ಉತ್ತರವೆಂಬಂತೆ 1964ರಲ್ಲಿ ‘ಡೋಂಟ್ ವರಿ ಬೇಬಿ’ ರಚಿಸಿದನು. 2025ರಲ್ಲಿ ತೀರಿಕೊಳ್ಳುವವರೆಗೂ ಈ ಹಾಡಿನ ಹುಚ್ಚು ಆತನನ್ನು ಬಿಡಲಿಲ್ಲ.

ಅಮೆರಿಕದ ಪಟ್ಟಿಯಲ್ಲಿ 1963ರ ಅಕ್ಟೋಬರಿನಲ್ಲಿ ಇದು ಏರಿದ್ದು ಎರಡನೆಯ ಸ್ಥಾನಕ್ಕೆ. ಮೇಲೆ ಕುಳಿತಿದ್ದ ಹಾಡು ಜಿಮ್ಮಿ ಗಿಲ್ಮರ್ ಮತ್ತು ಫೈರ್‌ಬಾಲ್ಸ್ ತಂಡದ ‘ಶುಗರ್ ಷ್ಯಾಕ್’. ಐದು ವಾರ ಇಳಿಯಲಿಲ್ಲ. ನಾನು ಅದನ್ನೂ ಕೇಳಿದ್ದೇನೆ. ಚಹದಂಗಡಿಯಲ್ಲಿ ಹಾಕಿದರೆ ಯಾರೂ ತೆಗೆಯೆನ್ನುವುದಿಲ್ಲ, ಅಷ್ಟೆ.

ಸಭೆಯಲ್ಲಿ ಇಷ್ಟನ್ನು ಹೇಳಿ, ಚಿಕ್ಕ ಸ್ಪೀಕರಿನಲ್ಲಿ ಹಾಡನ್ನೂ ಕೇಳಿಸಿ ಕುಳಿತೆನು. ಟೆಲ್‌ಸ್ಟಾರನ್ನು ಏಕೆ ಕೈಬಿಟ್ಟೆನೆಂಬುದನ್ನೂ ಮುಚ್ಚಿಡದೆ ಹೇಳಿದ್ದೆನು. ಚಪ್ಪಾಳೆಯಾಯಿತು. ಪ್ರಶ್ನೆಗಳಿವೆಯೆ ಎಂದು ಅಧ್ಯಕ್ಷರು ಕೇಳಿದಾಗ ಹಿಂದಿನ ಬೆಂಚಿನಿಂದ ಇತಿಹಾಸ ವಿಭಾಗದ ಸಹಪಾಠಿನಿಯೊಬ್ಬರು ಎದ್ದುನಿಂತರು.

‘ನಿರ್ಮಾಪಕ ಸ್ಪೆಕ್ಟರ್ ಮುಂದೆ ಏನಾದನೆಂಬುದನ್ನು ನೀವು ಹೇಳಲಿಲ್ಲವಲ್ಲ?’ ಎಂದರು.

ನನಗೆ ಅದು ತಿಳಿದಿತ್ತು. ಟಿಪ್ಪಣಿಯಲ್ಲಿ ಬರೆದುಕೊಂಡೂ ಇದ್ದೆನು, ಹೇಳುವಾಗ ಬಿಟ್ಟಿದ್ದೆನು. ಈಗ ಹೇಳಬೇಕಾಯಿತು. ಸ್ಪೆಕ್ಟರನು 1968ರಲ್ಲಿ ರಾನಿಯನ್ನು ಮದುವೆಯಾದನು. ತನ್ನನ್ನು ಮನೆಯೊಳಗೆ ಕೂಡಿಹಾಕಿದ್ದನೆಂದೂ, 1972ರಲ್ಲಿ ತಾಯಿಯ ಸಹಾಯದಿಂದ ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಅಲ್ಲಿಂದ ತಪ್ಪಿಸಿಕೊಂಡೆನೆಂದೂ ಆಕೆ ಆತ್ಮಕಥೆಯಲ್ಲಿ ಬರೆದಿದ್ದಾಳೆ. 1974ರಲ್ಲಿ ವಿವಾಹವಿಚ್ಛೇದನವಾಯಿತು. 2003ರಲ್ಲಿ ಸ್ಪೆಕ್ಟರನ ಮನೆಯಲ್ಲಿ ಲಾನಾ ಕ್ಲಾರ್ಕ್‌ಸನ್ ಎಂಬ ನಟಿ ಗುಂಡೇಟಿನಿಂದ ಸತ್ತಳು. 2009ರಲ್ಲಿ ಆ ಕೊಲೆಯ ಅಪರಾಧ ಅವನ ಮೇಲೆ ರುಜುವಾತಾಯಿತು. 2021ರ ಜನವರಿಯಲ್ಲಿ, ಶಿಕ್ಷೆ ಅನುಭವಿಸುತ್ತಿದ್ದಾಗಲೇ ಸತ್ತನು. ಲಾನಾ ಸತ್ತ ದಿನ ಫೆಬ್ರವರಿ 3. ಜೋ ಮೀಕನ ಗುಂಡು ಹಾರಿದ ದಿನವೂ ಅದೇ.

‘ಹಾಗಾದರೆ ಟೆಲ್‌ಸ್ಟಾರನ್ನು ಹೊಡೆದುಹಾಕಿ ಇದನ್ನು ಉಳಿಸಿಕೊಂಡಿದ್ದು ಯಾವ ನ್ಯಾಯ?’ ಎಂದು ಆಕೆ ಕೇಳಿದರು. ‘ಅಲ್ಲಿ ಕೊಲೆಗಾರ ಕಾಣಿಸಿದ, ಇಲ್ಲಿ ಕಾಣಿಸಲಿಲ್ಲವೆ? ಅಥವಾ ಈ ಹಾಡು ಹೆಚ್ಚು ಇಷ್ಟವೆಂದು ಕಣ್ಣು ಮುಚ್ಚಿಕೊಂಡಿರೊ?’

ನಾನು ನಿಂತಲ್ಲಿಯೇ ನಿಂತೆನು. ಮುಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನಗೆ ತೋಚಿದ ಉತ್ತರ ಇದು: ಟೆಲ್‌ಸ್ಟಾರ್ ಪೂರ್ತಿಯಾಗಿ ಮೀಕನದು, ಅವನನ್ನು ತೆಗೆದರೆ ಅಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಈ ಹಾಡಿನಲ್ಲಿ ಸ್ಪೆಕ್ಟರನ ಗೋಡೆಯಿದೆ, ನಿಜ. ಆದರೆ ಬ್ಲೇನನ ಜಾರಿದ ಕೋಲು ಸ್ಪೆಕ್ಟರನದಲ್ಲ. ರಾನಿಯ ಕಂಠ ಅವನದಲ್ಲ. ಹಾಡು ಅನೇಕರದು. ಒಬ್ಬನ ಪಾಪಕ್ಕೆ ಅದನ್ನು ನೂಕಿಬಿಟ್ಟರೆ ಅವನಿಂದ ನೊಂದವಳನ್ನೇ ನೂಕಿದಂತಾಗುವುದು.

ಆಗ ನಮ್ಮ ಕನ್ನಡ ಅಧ್ಯಾಪಕರು ಕುಳಿತಲ್ಲಿಂದಲೇ ಒಂದು ಮಾತು ಸೇರಿಸಿದರು. ‘ಹಾಡು ಯಾರದೆಂಬುದು ನಮ್ಮಲ್ಲಿಯೂ ಹಳೆಯ ಪ್ರಶ್ನೆಯಪ್ಪ. ಪುರಂದರದಾಸರು ಕೊನೆಯ ಸಾಲಿನಲ್ಲಿ ಅಂಕಿತ ಹಾಕಿದರು. ಹಾಕಿದ್ದು ತಮ್ಮ ಹೆಸರಲ್ಲ, ವಿಠಲನದು. ಪದಗಳು ಉಳಿದವು, ಅವರು ಹಾಡಿದ ಮಟ್ಟುಗಳು ಬಹುಪಾಲು ಉಳಿಯಲಿಲ್ಲ. ಇಂದು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ. ಕೇಳುವವನು ಯಾರಿಗೆ ಕೈಮುಗಿಯಬೇಕು, ದಾಸರಿಗೋ, ಹಾಡುವವರಿಗೋ?’

‘ಸರ್, ದಾಸರು ಯಾರನ್ನೂ ಕೂಡಿಹಾಕಿರಲಿಲ್ಲ,’ ಎಂದರು ಸಹಪಾಠಿನಿ. ಸಭೆಯೆಲ್ಲ ನಕ್ಕಿತು; ಅಧ್ಯಾಪಕರು ಎಲ್ಲರಿಗಿಂತ ಹೆಚ್ಚು ನಕ್ಕರು.

ಅಂಕಿತದ ಮಾತನ್ನು ಮಾತ್ರ ನಾನು ಬಿಡಲಿಲ್ಲ. ಆ ರಾತ್ರಿ ಕುಳಿತು ‘ಬಿ ಮೈ ಬೇಬಿ’ಯ ಲೇಬಲ್ಲಿನ ವಿಷಯವನ್ನು ವಿಚಾರಿಸಿದೆನು. ಅಲ್ಲಿ ಅಚ್ಚಾಗಿರುವುದು ರೊನೆಟ್ಸ್ ಎಂಬ ಮೂವರ ಹೆಸರು. ಮುದ್ರಣದಲ್ಲಿ ಹಾಡಿದವಳು ಮೂವರಲ್ಲಿ ರಾನಿ ಒಬ್ಬಳೇ. ಹಿಂದಿನ ಕಂಠಗಳು ಬೇರೆಯವರವು. ಆ ಗುಂಪಿನಲ್ಲಿ, ಮುಂದೆ ತಾನೇ ದೊಡ್ಡ ಗಾಯಕಿಯಾದ ಷೆರ್ ಎಂಬ ಹುಡುಗಿಯೂ ಇದ್ದಳು. ಬ್ಲೇನನ ಹೆಸರಿಲ್ಲ. ಇದು ಅಂದಿನ ಸಾಮಾನ್ಯ ರೀತಿ. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಎಷ್ಟೋ ಪ್ರಸಿದ್ಧ ಹಾಡುಗಳಿಗೆ ಬೇಸ್ ಗಿಟಾರು ನುಡಿಸಿದ ಜೇಮ್ಸ್ ಜೇಮರ್ಸನ್ನನ ಹೆಸರು ಅವುಗಳಲ್ಲಿ ಒಂದರ ಮೇಲೂ ಅಚ್ಚಾಗದೆ ಆ ದಶಕವೇ ಕಳೆದುಹೋಯಿತು. 1971ರ ಮಾರ್ವಿನ್ ಗೇಯವರ ‘ವಾಟ್ಸ್ ಗೋಯಿಂಗ್ ಆನ್’ ಸಂಪುಟದ ಮೇಲೆ ವಾದ್ಯಗಾರರ ಹೆಸರು ಬಂದುದೇ ಒಂದು ವಿಶೇಷವಾಯಿತು.

ಹಣದ ವಿಚಾರ ಇನ್ನೂ ಕಹಿ. 1963ರ ಕರಾರಿನ ಮೇಲೆ ಮೂವರು ಹುಡುಗಿಯರಿಗೂ ಸೇರಿ ಮುಂಗಡವಾಗಿ ದೊರೆತದ್ದು ಸುಮಾರು 15,000 ಡಾಲರ್. ಆಮೇಲೆ ರಾಯಲ್ಟಿಯೆಂದು ಏನೂ ಬರಲಿಲ್ಲ. 1987ರಲ್ಲಿ ‘ಡರ್ಟಿ ಡ್ಯಾನ್ಸಿಂಗ್’ ಎಂಬ ಚಲನಚಿತ್ರ ಈ ಹಾಡಿನೊಂದಿಗೇ ಆರಂಭವಾಗಿ, ಹೊಸ ತಲೆಮಾರು ಮತ್ತೆ ಇದನ್ನು ಕೊಂಡಿತು. ಮೂವರೂ ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯವು, ಮಾರಾಟವಾದ ಪ್ರತಿಗಳಿಗೆ ಕರಾರಿನಂತೆ ಪಾಲು ಕೊಡಬೇಕು. ಆದರೆ ಮುದ್ರಿಕೆಯ ಒಡೆತನ ನಿರ್ಮಾಪಕನದಾದ್ದರಿಂದ, ಚಲನಚಿತ್ರ, ಜಾಹೀರಾತುಗಳಿಗೆ ಹಾಡನ್ನು ಕೊಟ್ಟು ಬಂದ ಹಣದಲ್ಲಿ ಗಾಯಕಿಯರಿಗೆ ಪಾಲಿಲ್ಲ ಎಂದು ತೀರ್ಪಿತ್ತಿತು. ಕಾಗದದಲ್ಲಿ ಬರೆದಿಲ್ಲದ ಹಕ್ಕನ್ನು ನ್ಯಾಯಾಲಯವು ತಾನಾಗಿ ಬರೆಯಲಾರದು. ಕಾನೂನು ಓದುವ ಮಿತ್ರರು ಇದನ್ನು ಒಪ್ಪುತ್ತಾರೆ. ಹಾಡು ಕೇಳುವವನಿಗೆ ಒಪ್ಪುವುದು ಕಷ್ಟ.

ಹೀಗಿದ್ದರೂ ನನ್ನ ಆಯ್ಕೆಯನ್ನು ನಾನು ಬದಲಿಸಲಿಲ್ಲ. ಅದಕ್ಕೆ ಕಾರಣವನ್ನು ಸಭೆಯಲ್ಲಿ ಹೇಳಲು ಹೊಳೆಯಲಿಲ್ಲ. ಮರುದಿನ ಗ್ರಂಥಾಲಯದ ಮೆಟ್ಟಲ ಮೇಲೆ ಆ ಸಹಪಾಠಿನಿ ಸಿಕ್ಕಾಗ ಹೇಳಿದೆನು. 1990ರಲ್ಲಿ ಅಚ್ಚಾದ ತನ್ನ ಆತ್ಮಕಥೆಗೆ ರಾನಿ ಇಟ್ಟ ಹೆಸರು ‘ಬಿ ಮೈ ಬೇಬಿ’. ಕೂಡಿಹಾಕಿದ್ದ ಮನೆಯನ್ನು ಬಿಟ್ಟು ಬರಿಗಾಲಲ್ಲಿ ಓಡಿಬಂದವಳು ಹಾಡನ್ನು ಬಿಟ್ಟು ಬರಲಿಲ್ಲ. 1986ರಲ್ಲಿ ಎಡ್ಡಿ ಮನಿ ಎಂಬ ಗಾಯಕನ ಹೊಸ ಹಾಡೊಂದರ ನಡುವೆ ತನ್ನ ಹಳೆಯ ಪಲ್ಲವಿಯನ್ನು ತಾನೇ ಬಂದು ಹಾಡಿ ಹೋದಳು. 2022ರ ಜನವರಿಯಲ್ಲಿ ತೀರಿಕೊಂಡಳು. ವಯಸ್ಸಾದ ಮೇಲೂ ವೇದಿಕೆಯ ಮೇಲೆ ಆಕೆ ಹಾಡುತ್ತಿದ್ದುದು ಇದನ್ನೇ. ಎಲ್ಲರಿಗಿಂತ ಹೆಚ್ಚು ನೊಂದವಳು, ಇದು ನನ್ನದು ಎಂದು ಕೈಯಲ್ಲಿ ಹಿಡಿದಿರುವಾಗ, ಅವಳ ಪರವಾಗಿ ನಾನು ಅದನ್ನು ಎಸೆಯುವುದು ಹೇಗೆ?

ಆಕೆ ಸ್ವಲ್ಪ ಹೊತ್ತು ಯೋಚಿಸಿದರು. ‘ಹಾಡು ಅವಳದು, ಒಪ್ಪಿದೆ. ಹಣ ಅವನದಾಯಿತಲ್ಲ?’ ಎಂದರು.

‘ನಿಮಗೆ ಈ ಚೀಟಿ ಬಂದಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?’ ಎಂದು ಕೇಳಿದೆನು.

‘ರೆಸ್ಪೆಕ್ಟ್,’ ಎಂದರು, ಒಂದು ಕ್ಷಣವೂ ತಡೆಯದೆ. ಆಟಿಸ್ ರೆಡಿಂಗ್ ಅದನ್ನು 1965ರಲ್ಲಿ ರಚಿಸಿ ಹಾಡಿದಾಗ, ದುಡಿದು ಮನೆಗೆ ಬರುವ ಗಂಡಸು ಮನೆಯಲ್ಲಿ ಮರ್ಯಾದೆ ಬೇಡುವ ಹಾಡಾಗಿತ್ತು. 1967ರಲ್ಲಿ ಅರೀತಾ ಫ್ರಾಂಕ್ಲಿನ್ ಅದನ್ನು ತಿರುಗಿಸಿ ಹೆಂಗಸಿನ ಹಾಡಾಗಿ ಮಾಡಿದಳು. ಜೂನ್ ತಿಂಗಳಲ್ಲಿ ಮೊದಲನೆಯ ಸ್ಥಾನಕ್ಕೇರಿತು. ನಾನು ತಲೆದೂಗಿ, ಅಷ್ಟಕ್ಕೆ ಬಿಡಬಾರದೆಂದು, ‘ಅಮೆರಿಕದ ಕಾನೂನಿನಂತೆ ಅಲ್ಲಿಯ ಸಾಮಾನ್ಯ ರೇಡಿಯೋದಲ್ಲಿ ಹಾಡು ಬಂದರೆ ಹಣ ರಚಿಸಿದವನ ಕಡೆಗೆ ಹೋಗುತ್ತದೆ, ಹಾಡಿದವರಿಗಿಲ್ಲ. ಅರೀತಾಳ ರೆಸ್ಪೆಕ್ಟ್ ಎಷ್ಟು ಸಲ ರೇಡಿಯೋದಲ್ಲಿ ಬಂದರೂ ಆಕೆಗೆ ಅದರಿಂದ ಒಂದು ಕಾಸೂ ಹುಟ್ಟಲಿಲ್ಲ, ಗೊತ್ತೆ?’ ಎಂದೆನು.

ಅವರಿಗೆ ಗೊತ್ತಿರಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು ಎರಡು ಮೆಟ್ಟಲು ಇಳಿದವರು ತಿರುಗಿ ನಿಂತು, ‘ಇದನ್ನು ನೀವು ನನಗೆ ಹೇಳಬಾರದಾಗಿತ್ತು,’ ಎಂದು ಹೇಳಿ ಹೋದರು. ಮುಂದಿನ ಸಂಚಿಕೆಗೆ ಅವರೇ ಬರೆಯುವರೆಂದು ಸಂಪಾದಕರು ತಿಳಿಸಿದ್ದಾರೆ.